ಕದರಮ್ಮ ಕಾಣಿಕೆ ಹಾಕಲಿಲ್ಲ

ಕದರಮ್ಮನ ನಾಲಿಗೆಯ ಎಡಬದಿಯಲ್ಲಿ ಹುಣ್ಣಾಗಿದೆ ಎಂದು ಊರಿಗೆ ಯಾರೂ ಹೇಳಬೇಕಾಗಲಿಲ್ಲ. ಒಂದು ಬೀಗರೂಟದಲ್ಲಿ ಆಕೆ ಕೋಳಿಸಾರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಮಜ್ಜಿಗೆಯಲ್ಲಿ ಮುದ್ದೆ ಕಿವುಚಿಕೊಂಡು ಬಲದವಡೆಯಲ್ಲೇ ನುಂಗಿದಳು. ಹಸಿಮೆಣಸಿನಕಾಯಿಯನ್ನು ಸೌತೆಕಾಯಿಯಂತೆ ಕಚ್ಚಿ ತಿನ್ನುತ್ತಿದ್ದ ಹೆಂಗಸು! ಬಡಿಸುತ್ತಿದ್ದವರು ಸೌಟು ಹಿಡಿದುಕೊಂಡೇ ಒಬ್ಬರ ಮುಖ ಒಬ್ಬರು ನೋಡಿದರು. ಊಟದ ಎಲೆ ಎತ್ತುವಷ್ಟರಲ್ಲಿ ಕಾರಣವೂ ಊರಿಗೆ ಗೊತ್ತಾಗಿಹೋಗಿತ್ತು: ಸುಳ್ಳಾಣೆ.

ಆಣೆಯ ಕಥೆ ಆಷಾಢದ್ದು. ನಿಟ್ಟೂರಿನಿಂದ ಒಳಗೆ ಹೋಗುವ ಆ ಹಳ್ಳಿಯಲ್ಲಿ ಗಂಗರಾಜು ತನ್ನ ತೆಂಗಿನ ತೋಟಕ್ಕೆ ತಂತಿಬೇಲಿ ಹಾಕಿಸಿದ. ಹಾಕಿಸುವಾಗ ತೋಟದ ಅಂಚಿಗಿದ್ದ ಗಾಡಿದಾರಿಯನ್ನೂ ಬೇಲಿಯೊಳಕ್ಕೆ ಎಳೆದುಕೊಂಡ. ಆ ದಾರಿ ಮುಚ್ಚಿದರೆ ಹಿಂದೆ ಇದ್ದ ನರಸಿಂಹಮ್ಮನ ಹೊಲಕ್ಕೆ ಹಕ್ಕಿಯಂತೆ ಹಾರಿಯೇ ಹೋಗಬೇಕು. ನರಸಿಂಹಮ್ಮ ಗಂಡ ಸತ್ತವಳು, ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲದವಳು. ದಾರಿ ಕಂಡವರು ಊರಲ್ಲಿ ಇನ್ನೂ ಇದ್ದರು. ಆದರೆ ಬೇಸಿಗೆಯಲ್ಲಿ ಅವರಿಗೆಲ್ಲ ಗಂಗರಾಜುವಿನ ಬೋರ್‌ವೆಲ್ಲಿನ ನೀರು ಬೇಕು. ಹೀಗಾಗಿ ಗ್ರಾಮದೇವತೆ ಕೆಂಚಮ್ಮನ ಗುಡಿಯಲ್ಲಿ ನ್ಯಾಯ ಸೇರಿದಾಗ ಎಲ್ಲರ ಬಾಯಿಗೂ ಬೀಗ. ಎದ್ದವಳು ಕದರಮ್ಮ ಒಬ್ಬಳೇ.

"ನಾನು ಈ ಊರಿಗೆ ಸೊಸೆಯಾಗಿ ಬಂದಿದ್ದೇ ಆ ದಾರೀಲಿ. ಹುಣಸೆಮರದ ತಾವ ಗಾಡಿ ಚಕ್ರ ಹಳ್ಳಕ್ಕೆ ಇಳೀತು. ನಾನೂ ಇಳ್ದು ತಳ್ದೆ. ಧಾರೆಸೀರೆ ತುಂಬಾ ಕೆಸರು ಮಾಡ್ಕೊಂಡು ಹೊಸ್ಲು ದಾಟ್ದೋಳು ಕಣಪ್ಪ ನಾನು, ಮರೀತೀನಾ?" ಎಂದು ಉರಿಯುವ ಕರ್ಪೂರದ ಮೇಲೆ ಕೈಯಾಡಿಸಿ ಆಣೆ ಇಟ್ಟಳು. ಆಣೆಯ ಮೇಲೆ ಮಾತಿಲ್ಲ. ಗಂಗರಾಜು ಹಲ್ಲು ಕಚ್ಚಿಕೊಂಡು ಬೇಲಿ ಹಿಂದಕ್ಕೆ ಸರಿಸಿದ.

ಗೌರಿಹಬ್ಬದ ಹೊತ್ತಿಗೆ ಹುಣ್ಣು ಬಂತು. ದಸರಾ ಬಂದರೂ ಹೋಗಲಿಲ್ಲ.

ಹಾಲಿನ ಡೇರಿಯ ಮುಂದೆ ಕ್ಯಾನು ಇಟ್ಟುಕೊಂಡು ನಿಂತವರಿಗೆಲ್ಲ ಗಂಗರಾಜು ದಿನಾ ಬೆಳಗ್ಗೆ ಅದನ್ನೇ ಹೇಳಿದ. "ಕೆಂಚಮ್ಮ ಕಣ್ಣು ಬುಟ್ಲು ಕಣ್ರೋ. ಸುಳ್ಳಾಣೆ ಮಾಡ್ದೋರ ನಾಲ್ಗೆ ಸುಮ್ನೆ ಬುಡ್ತಾಳಾ?" ಹೇಳಿ ಸುಮ್ಮನಾಗಲಿಲ್ಲ. ಗಾಡಿದಾರಿಯ ಬಾಯಿಗೆ ಜಾಲಿಮುಳ್ಳು ತಂದು ಒಟ್ಟಿದ. ಕಾರ್ತಿಕದ ಕಡೇ ಮಂಗಳವಾರ ಊರೆಲ್ಲ ಗುಡಿಯಲ್ಲಿ ಸೇರುತ್ತದಲ್ಲ, ಅವತ್ತು ಕದರಮ್ಮ ತಪ್ಪುಕಾಣಿಕೆ ಅಂತ ಬೆಳ್ಳಿ ನಾಲಿಗೆ ಹಾಕಲಿ. ಹಾಕೋಗಂಟ ಆ ದಾರೀಲಿ ಯಾರೂ ಕಾಲಿಡೋ ಹಂಗಿಲ್ಲ ಎಂದ. ಬೆಳ್ಳಿ ನಾಲಿಗೆ ಹಾಕುವುದು ಆ ಸೀಮೆಯಲ್ಲಿ ಹೊಸದೇನಲ್ಲ. ಕಣ್ಣುಬೇನೆಗೆ ಬೆಳ್ಳಿ ಕಣ್ಣು, ಮಾತು ತಡವಾದ ಮಕ್ಕಳಿಗೆ ಬೆಳ್ಳಿ ನಾಲಿಗೆ ಎಂದು ಹರಕೆ ಹೊರುತ್ತಾರೆ. ಆದರೆ ಆಣೆ ಇಟ್ಟವಳು ಅದನ್ನೇ ತಟ್ಟೆಗೆ ಹಾಕಿದರೆ ಅರ್ಥ ಒಂದೇ, ಆಣೆ ಸುಳ್ಳು. ದಾರಿ ಮತ್ತೆ ಗಂಗರಾಜುವಿನದು.

ನರಸಿಂಹಮ್ಮ ರಾಗಿ ತೆನೆಯ ಹೊರೆಯನ್ನು ತಲೆಯ ಮೇಲೆ ಹೊತ್ತು, ಕೆರೆ ಏರಿ ಬಳಸಿಕೊಂಡು ಮನೆ ಸೇರತೊಡಗಿದಳು. ಕದರಮ್ಮನ ಮನೆ ಮುಂದೆ ಹಾಯುವಾಗ ಮಾತ್ರ ತಲೆ ತಗ್ಗಿಸುತ್ತಿದ್ದಳು. ತನ್ನಿಂದಾಗಿ ಈ ಹೆಂಗಸಿಗೆ ಹೀಗಾಯಿತಲ್ಲ ಎಂಬ ಸಂಕಟ ಆಕೆಗೆ. ಕದರಮ್ಮನಿಗೆ ಜನರ ಮಾತಿಗಿಂತ ಆ ತಗ್ಗಿದ ತಲೆಯೇ ಹೆಚ್ಚು ಉರಿಸುತ್ತಿತ್ತು.

ಹಾಗೆಂದು ಆಕೆಗೆ ಹೆದರಿಕೆ ಇರಲಿಲ್ಲವೇ? ಇತ್ತು. ಕೊಟ್ಟಿಗೆಯಲ್ಲಿ ಒಬ್ಬಳೇ ಇದ್ದಾಗ ನಾಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅಂಚು ಗಟ್ಟಿ, ನಡುವೆ ಕುಳಿ. ಗಣಿಕೆ ಸೊಪ್ಪಿನ ಸಾರು ಕುಡಿದದ್ದಾಯಿತು, ತುಪ್ಪ ಸವರಿದ್ದಾಯಿತು, ಉಷ್ಣ ಅಂತ ಹೆಸರುಬೇಳೆ ಪಾಯಸವೂ ಆಯಿತು. ಕೊನೆಗೆ ತನಗೆ ಗೊತ್ತಿದ್ದ ಒಂದೇ ಮದ್ದಿಗೆ ಬಂದು ನಿಂತಿದ್ದಳು. ಸೊಂಟದ ಸಂಚಿಯಿಂದ ಹೊಗೆಸೊಪ್ಪು ತೆಗೆದು, ಅಂಗೈಯಲ್ಲಿ ತಿಕ್ಕಿ, ಉಂಡೆ ಮಾಡಿ ಹುಣ್ಣಿನ ಪಕ್ಕಕ್ಕೇ ಒತ್ತಿಕೊಳ್ಳುವುದು. ಜೋಮು ಹಿಡಿದು ನೋವು ಮಾಯ. ಹೊಸದಾಗಿ ಮದುವೆಯಾಗಿ ಬಂದಾಗ ಹಲ್ಲುನೋವಿಗೆ ಅತ್ತೆ ಕಲಿಸಿಕೊಟ್ಟ ಮದ್ದು ಅದು. ಅತ್ತೆ ಹೋದರೂ, ಆ ಹಲ್ಲು ಅರ್ಧ ಮುರಿದುಹೋದರೂ ಮದ್ದು ಉಳಿದುಕೊಂಡಿತ್ತು. ನೋವು ಹೋಗುತ್ತದೆ ಅಂದಮೇಲೆ ವಾಸಿಯಾಗುತ್ತಿದೆ ಅಂತಲೇ ಅಲ್ಲವೇ? ಹೀಗೆ ಆಕೆ ತಿಳಿದಿದ್ದಳು.

ಹಿಡಿದು ನಿಲ್ಲಿಸಿದವಳು ಸೊಸೆ ಕೋಮಲಾ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಯ ಹುಡುಗಿ. ಗಂಡ ಬೆಳ್ಳಾವಿಯಲ್ಲಿ ಲೈನ್‌ಮನ್, ವಾರಕ್ಕೊಮ್ಮೆ ಬರುವವನು. ಸೊಂಟದ ಮೇಲೆ ಒಂದು ವರ್ಷದ ಚಿನ್ನಿ.

"ಅತ್ತೆ, ಬಾಯಿ ತೆಗೀರಿ ನೋಡಾಣ."

"ಹೋಗೇ ಅತ್ಲಾಗೆ. ನನ್ ಬಾಯೇನು ಟೆಂಟು ಸಿನ್ಮಾನಾ, ಬಂದೋರೆಲ್ಲ ನೋಡಕ್ಕೆ?"

ಕೋಮಲಾ ಜಗ್ಗಲಿಲ್ಲ. ಚಿನ್ನಿಯನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿದಳು. ಮಗು ಅಭ್ಯಾಸಬಲದಿಂದ ಅಜ್ಜಿಯ ತುಟಿ ಹಿಡಿದು ಜಗ್ಗಿತು, ಬಾಯಿ ತೆರೆಯಿತು, ಸೊಸೆ ಮೊಬೈಲಿನ ಟಾರ್ಚ್ ಬಿಟ್ಟಳು. ಹುಣ್ಣು ಹುಣಸೆಬೀಜದಷ್ಟಿತ್ತು. ಅದಲ್ಲದೆ ಕೆನ್ನೆಯ ಒಳಗೆ, ಹೊಗೆಸೊಪ್ಪು ಕೂರುವ ಜಾಗದಲ್ಲಿ, ಸುಣ್ಣ ಬಳಿದಂತೆ ಒಂದು ಬಿಳಿ ಮಚ್ಚೆ.

"ಬಾಯಿಹುಣ್ಣು ಅಂದ್ರೆ ಎಂಟತ್ತು ದಿನಕ್ಕೆ ಮಾಯ್ಬೇಕು ಅತ್ತೆ. ಇದು ಹಂಗಲ್ಲ. ತುಮಕೂರಿಗೆ ಹೋಗಣ."

"ಆಸ್ಪತ್ರೆಗೆ ಹೋದ್ರೆ ಊರೋರು ಏನಂತಾರೆ? ದೇವ್ರ ಶಿಕ್ಷೆಗೆ ಡಾಕ್ಟ್ರ ಹತ್ರ ಓಡೋದ್ಲು ಅಂತಾರೆ."

ಕೋಮಲಾ ಟಾರ್ಚ್ ಆರಿಸಿದಳು. "ನಮ್ ಚಿನ್ನಿ ಮೂರು ತಿಂಗಳ ಕೂಸಾಗಿದ್ದಾಗ ನಾಲ್ಗೆಯೆಲ್ಲ ಮೊಸರು ಹೆಪ್ಪು ಹಾಕ್ದಂಗೆ ಬೆಳ್ಳಗಾಗಿತ್ತಲ್ಲ, ಹಾಲು ಕುಡೀದೆ ಅಳ್ತಿತ್ತಲ್ಲ. ಕುಣಿಗಲ್ ಡಾಕ್ಟ್ರು ಡ್ರಾಪ್ಸ್ ಕೊಟ್ರು, ಹೋಯ್ತು. ಅದು ಯಾವ ಸುಳ್ಳಾಣೆ ಮಾಡಿತ್ತು ಅತ್ತೆ?"

ಕದರಮ್ಮ ತೊಡೆಯ ಮೇಲಿದ್ದ ಮಗುವಿನ ಕೆಂಪು ನಾಲಿಗೆಯನ್ನು ನೋಡುತ್ತ ಕೂತಳು. ಆಮೇಲೆ, "ಬಸ್ಸು ಎಷ್ಟೊತ್ತಿಗೆ?" ಎಂದಳು.

ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ತುಮಕೂರಿನ ದಂತ ಆಸ್ಪತ್ರೆ ಸೇರಿದರು. ಬಾಯಿಯ ಒಳಪದರದ ರೋಗಗಳನ್ನೇ ನೋಡುವ ವಿಭಾಗ ಅಲ್ಲಿ ಬೇರೆ ಇದೆ ಎಂಬುದು ಕೋಮಲಾಗೂ ಹೊಸದು. ಬೆಂಚಿನ ಮೇಲೆ ಪಕ್ಕದಲ್ಲಿ ಕುಣಿಗಲ್ಲಿನ ಒಬ್ಬ ಆಟೊ ಡ್ರೈವರ್ ಕೂತಿದ್ದ. ಗುಟ್ಕಾ ತಿಂದು ತಿಂದು ಕೆನ್ನೆ ಒಳಗೆ ತೊಗಲಿನಂತೆ ಬಿಗಿದುಹೋಗಿ, ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. "ಮುದ್ದೆ ತಿಂದು ವರ್ಷ ಆಯ್ತಕ್ಕ. ಗಂಜಿ, ಗಂಜಿ, ಗಂಜಿ," ಎಂದ ಹಲ್ಲುಗಳ ಸಂದಿಯಿಂದಲೇ. ಕದರಮ್ಮನ ಕೈ ತಾನಾಗಿ ಸೊಂಟದ ಸಂಚಿಯನ್ನು ಸೆರಗಿನಿಂದ ಮುಚ್ಚಿತು.

ಡಾಕ್ಟರ್ ಪೂಜಾ ಇನ್ನೂ ಚಿಕ್ಕ ವಯಸ್ಸಿನವರು.

"ಅಜ್ಜಿ, ನಾಲಿಗೆ ಚಾಚಿ."

"ಅಜ್ಜಿ ಅನ್ಬೇಡ ಕಣವ್ವ, ಹಲ್ಲು ಒಂದೇ ಮುರಿದಿರೋದು."

"ಸರಿ ಅಮ್ಮ, ಚಾಚಿ. ಇನ್ನೂ. ಇನ್ನೂ. ಯಾರನ್ನೋ ಅಣಕಿಸೋ ಥರ ಚಾಚಿ."

ಡಾಕ್ಟರು ಗಾಜ್ ಬಟ್ಟೆಯಲ್ಲಿ ನಾಲಿಗೆಯ ತುದಿ ಹಿಡಿದು ಎಡಕ್ಕೆ ಎಳೆದರು, ಬಲಕ್ಕೆ ಎಳೆದರು, ಮೇಲೆತ್ತಿಸಿ ಅಡಿಯನ್ನೂ ನೋಡಿದರು. ಹುಣ್ಣಿನ ಅಂಚನ್ನು ಬೆರಳಲ್ಲಿ ಒತ್ತಿದರು. ಕತ್ತಿನ ಎರಡೂ ಕಡೆ ಗಂಟುಗಳೇನಾದರೂ ಇವೆಯೇ ಎಂದು ತಡವಿದರು. ಕೆನ್ನೆಯ ಬಿಳಿ ಮಚ್ಚೆಯನ್ನು ಬಟ್ಟೆಯಿಂದ ಉಜ್ಜಿದರು; ಹೋಗಲಿಲ್ಲ. ಚಿನ್ನಿಯ ನಾಲಿಗೆಯೂ ಹಿಂದೆ ಬೆಳ್ಳಗಾಗಿತ್ತೆಂದು ಕೋಮಲಾ ಹೇಳಿದಳು. ಮಗುವಿನ ಬಿಳುಪಾದರೆ ಉಜ್ಜಿದರೆ ಬಿಡುತ್ತಿತ್ತು, ಅದು ಬೂಷ್ಟಿನ ಜಾತಿ; ಇದು ಬಿಡುವುದಿಲ್ಲ, ಇದು ತೊಗಲೇ ಬದಲಾಗಿರುವುದು ಎಂದು ಕೋಮಲಾಗೆ ಬಿಡಿಸಿ ಹೇಳಿದರು. ಮುರಿದ ಹಲ್ಲಿನ ಚೂಪು ತುದಿ ನಾಲಿಗೆಗೆ ದಿನಾ ಗೀರುತ್ತಿದೆ, ಅದರ ಮೇಲೆ ಹೊಗೆಸೊಪ್ಪು ಬೇರೆ. ಹಲ್ಲಿನ ಚೂಪನ್ನು ಅಲ್ಲೇ ಉಜ್ಜಿ ನುಣುಪು ಮಾಡಿದರು. ಹಚ್ಚಲು ಮುಲಾಮು, ಮುಕ್ಕಳಿಸಲು ಔಷಧಿ ಕೊಟ್ಟರು. ರಕ್ತ ಪರೀಕ್ಷೆಗೂ ಕಳಿಸಿದರು.

"ಕಾರಣ ತೆಗ್ದಮೇಲೆ ಎರಡು ವಾರದಲ್ಲಿ ಹುಣ್ಣು ಮಾಯ್ಬೇಕು. ಪೂರ್ತಿ ಮಾಯ್ದಿದ್ರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀವಿ. ಬಿಳಿ ಮಚ್ಚೆಯಿಂದಂತೂ ಚೂರು ತೆಗೀಲೇಬೇಕು. ಹೊಗೆಸೊಪ್ಪು ಇವತ್ತಿಂದಲೇ ಬಂದ್. ಸ್ವಲ್ಪ ಕಮ್ಮಿ ಮಾಡ್ತೀನಿ ಅನ್ನೋದು ಲೆಕ್ಕಕ್ಕಿಲ್ಲ."

ಕದರಮ್ಮ ಕುರ್ಚಿಯಿಂದ ಇಳಿಯಲಿಲ್ಲ. "ಒಂದು ಮಾತು ಕೇಳ್ಲಾ ಡಾಕ್ಟ್ರವ್ವ? ಸುಳ್ಳು ಹೇಳಿದ್ರೆ ನಾಲ್ಗೆ ಮೇಲೆ ಹಿಂಗೆ ಆಯ್ತದಾ?"

"ಹಂಗೇನಾದ್ರೂ ಆಗಿದ್ರೆ ನಮ್ಮ ಆಸ್ಪತ್ರೆ ಕ್ಯೂ ಬಸ್‌ಸ್ಟ್ಯಾಂಡ್ ದಾಟಿರ್ತಿತ್ತಮ್ಮ."

ಸೊಂಟದ ಸಂಚಿ ಅಂದಿನಿಂದ ಅಡಿಗೆಮನೆಯ ಮೊಳೆಗೆ ಹೋಯಿತು. ಹೇಳುವುದು ಸುಲಭ. ಮೊದಲ ವಾರ ಕದರಮ್ಮ ಹಸುವಿಗೆ ಬೈದಳು, ಬೆಂಕಿಗೆ ಬೈದಳು, ಬಾಗಿಲಿಗೆ ಬೈದಳು. ತಲೆ ಸಿಡಿಯುತ್ತಿತ್ತು, ಕೈ ಖಾಲಿ ಸೊಂಟವನ್ನು ತಡಕುತ್ತಿತ್ತು. ಕೋಮಲಾ ಕೇಳಿದಾಗಲೆಲ್ಲ ಒಂದೊಂದು ಲವಂಗ, ಏಲಕ್ಕಿ ಸಿಪ್ಪೆ, ಹುರಿಗಡಲೆ ಕೊಟ್ಟಳು. ಚಿನ್ನಿಗೆ ಹಲ್ಲು ಬರುವ ಕಾಲ. ಅದೂ ಸಿಕ್ಕಿದ್ದನ್ನೆಲ್ಲ ಕಚ್ಚಿ ರಗಳೆ ಮಾಡುತ್ತಿತ್ತು. "ಮನೇಲಿ ಎರಡು ಕೂಸು ಆಗೋದ್ವು," ಎಂದು ಗುಂಡಯ್ಯ ನಗುತ್ತಿದ್ದ.

ಗುಂಡಯ್ಯ, ಕದರಮ್ಮನ ಗಂಡ, ಯಾರ ತಂಟೆಗೂ ಹೋಗದ ಮನುಷ್ಯ. ಹೆಂಡತಿ ಊರಿನ ಮುಂದೆ ಎದ್ದು ನಿಂತಾಗಲೆಲ್ಲ ಅವನು ಮನೆಯಲ್ಲಿ ಹಗ್ಗ ಹೊಸೆಯುತ್ತ ಕೂರುತ್ತಿದ್ದವನು. ಒಂದು ಸಂಜೆ ಗುಬ್ಬಿಯಿಂದ ಬಂದವನೇ ಜೇಬಿನಿಂದ ಪುಟ್ಟ ಪೊಟ್ಟಣ ತೆಗೆದು ಹೆಂಡತಿಯ ಮುಂದಿಟ್ಟ. ಬಿಚ್ಚಿದರೆ, ಗುಲಾಬಿ ಬಣ್ಣದ ಕಾಗದದ ಮೇಲೆ, ತೆಳ್ಳನೆಯ ಬೆಳ್ಳಿ ತಗಡಿನ ನಾಲಿಗೆ. ಅಕ್ಕಸಾಲಿ ನಡುವೆ ಒಂದು ಗೆರೆಯನ್ನೂ ಕೊರೆದಿದ್ದ.

ಕದರಮ್ಮನ ಮುಖ ಕೆಂಪಾಯಿತು. "ನಿಮ್ಗೂ ನನ್ ಮಾತು ಸುಳ್ಳಾ?"

"ಸುಳ್ಳಲ್ಲ ಕಣೇ. ಆ ಗಾಡಿ ಹೊಡ್ಕೊಂಡು ಬಂದೋನು ನಮ್ ದೊಡ್ಡಪ್ಪ, ನಂಗೊತ್ತಿಲ್ವಾ? ಹರಕೆ ಅಂತ ಹಾಕು. ತಪ್ಪು ಅಂತ ಯಾಕೆ ಅಂದ್ಕೊಂತೀಯ?"

"ಹಾಕೋವಾಗ ಹರಕೆ ಅಂತ ನಾನು ಅಂದ್ಕೊಬೋದು. ತಟ್ಟೇಲಿ ಬಿದ್ಮೇಲೆ ಅದಕ್ಕೆ ಹೆಸ್ರು ಇಡೋನು ಗಂಗರಾಜ. ನರಸಿಂಹಮ್ಮನ್ ತಲೆ ಮೇಲಿನ ಹೊರೆ ಇಳ್ಸೋರು ಯಾರು ಆಮೇಲೆ?"

ಗುಂಡಯ್ಯ ಬೆಳ್ಳಿ ನಾಲಿಗೆಯನ್ನು ಬೆರಳತುದಿಯಲ್ಲಿ ತಿರುವಿದ. "ನೀನೇ ಹೋಗ್ಬುಟ್ರೆ, ಆ ದಾರಿ ತಗೊಂಡು ನಾನೇನ್ ಮಾಡ್ಲಿ?" ಎಂದ, ನೆಲ ನೋಡುತ್ತ.

ಮದುವೆಯಾದಾಗಿನಿಂದ ಅವನು ಆಡಿದ್ದರಲ್ಲಿ ಅತಿ ದೊಡ್ಡ ಪ್ರೀತಿಯ ಮಾತು ಅದು. ಕದರಮ್ಮನ ಸಿಟ್ಟು ಇಳಿಯಿತು. ಆದರೂ ಪೊಟ್ಟಣವನ್ನು ಮಡಚಿ ಅವನ ಜೇಬಿಗೇ ತುರುಕಿದಳು.

ಎರಡನೆಯ ಸಲ ಹೋದಾಗ ಹುಣ್ಣು ಅರ್ಧಕ್ಕೆ ಇಳಿದಿತ್ತು. ಆದರೆ ಹಿಂಬದಿಯ ಅಂಚು ಇನ್ನೂ ಗಟ್ಟಿ. ಡಾಕ್ಟರ್ ಪೂಜಾ ಸಿಹಿ ಮಾತಾಡಲಿಲ್ಲ. "ಇಳಿದಿದೆ ಅನ್ನೋದು ಒಳ್ಳೇದೇ. ಆದ್ರೆ ಪೂರ್ತಿ ಹೋಗಿಲ್ಲ. ಇವತ್ತೇ ಚೂರು ತೆಗೆಯೋಣ."

ಈ ಸಲ ಜೊತೆಗೆ ಬಂದಿದ್ದ ಗುಂಡಯ್ಯ ಎದ್ದು ನಿಂತ. "ಬೇಡ ಡಾಕ್ಟ್ರೇ. ಕತ್ರಿ ತಾಕಿದ್ರೆ ಹುಣ್ಣು ಹಬ್ತದಂತೆ. ನಮ್ ಕಡೆ ಎಲ್ರೂ ಹೇಳ್ತಾರೆ."

"ತಡವಾಗಿ ಬರ್ತಾರೆ, ಆಗ ತೆಗೀತೀವಿ, ಅಷ್ಟರಲ್ಲಿ ಅದು ಹಬ್ಬಿರುತ್ತೆ. ಬೈಗುಳ ಮಾತ್ರ ಕತ್ರಿಗೆ," ಎಂದರು ಡಾಕ್ಟರು.

ಕದರಮ್ಮ ಗಂಡನ ಕಡೆ ನೋಡಿದಳು. "ಹೊಲದಲ್ಲಿ ಹಾವು ಐತೆ ಅಂದ್ರೆ, ನೋಡಿದ್ರೆ ಕಚ್ತದೆ ಅಂತ ಕಣ್ಣು ಮುಚ್ಕೊಂಡು ನಡೀತೀರಾ? ಕೂತ್ಕಳಿ ಸುಮ್ನೆ." ಬಾಯಿ ತೆರೆದಳು. ಇಂಜೆಕ್ಷನ್ನಿಗೆ ಕಣ್ಣಲ್ಲಿ ನೀರು ಬಂತು, ಕೋಮಲಾಳ ಕೈಯನ್ನು ಅವುಚಿ ಹಿಡಿದ ಹಿಡಿತಕ್ಕೆ ಬಳೆಯೊಂದು ಒಡೆಯಿತು, ಅಷ್ಟೇ. ನಾಲಿಗೆಯಿಂದ ಒಂದು ಚೂರು, ಕೆನ್ನೆಯಿಂದ ಒಂದು ಚೂರು. ಹೊಲಿಗೆ ಹಾಕಿದರು. ಫಲಿತಾಂಶಕ್ಕೆ ಒಂದು ವಾರವಾದರೂ ಬೇಕು ಎಂದರು.

ಆ ವಾರದ ನಡುವೆಯೇ ಬಂತು ಕಾರ್ತಿಕದ ಕಡೇ ಮಂಗಳವಾರ.

"ಇನ್ನೂ ಹೊಲಿಗೆ ಐತೆ, ಹೋಗೋದು ಬೇಡ ಅತ್ತೆ. ರಿಪೋರ್ಟು ಬರ್ಲಿ. ಒಳ್ಳೇದು ಅಂತ ಬಂದ್ರೆ ತಲೆ ಎತ್ಕೊಂಡು ಹೋಗಿ ಹೇಳ್ಬೋದು," ಎಂದಳು ಕೋಮಲಾ. ಬುದ್ಧಿವಂತ ಮಾತೇ. ಕದರಮ್ಮ ತಲೆ ಬಾಚಿಕೊಳ್ಳುತ್ತಲೇ ಯೋಚಿಸಿದಳು. ಯೋಚಿಸಿದಷ್ಟೂ ಆ ಬುದ್ಧಿವಂತಿಕೆಯೊಳಗೆ ಗಂಗರಾಜುವೇ ಕೂತಿರುವಂತೆ ಕಂಡಿತು. ಒಳ್ಳೆಯದು ಅಂತ ಬಂದರೆ ಆಣೆ ನಿಜ, ಕೆಟ್ಟದ್ದು ಅಂತ ಬಂದರೆ ಆಣೆ ಸುಳ್ಳು ಎಂದು ತಾನೇ ಒಪ್ಪಿಕೊಂಡಂತಾಗಲಿಲ್ಲವೇ?

"ಈಗ್ಲೇ ಹೋಗ್ಬೇಕು ಅಮ್ಮಣ್ಣಿ," ಎಂದಳು ಮೆಲ್ಲಗೆ. "ಏನ್ ಬರ್ತದೆ ಅಂತ ಗೊತ್ತಿಲ್ದೆ ಇರೋವಾಗ್ಲೇ ಹೇಳ್ಬೇಕು."

ಗುಡಿಯ ಮುಂದೆ ಊರು ಸೇರಿತ್ತು. ಪೂಜಾರಿ ಚಿಕ್ಕಬೋರಯ್ಯ ತಟ್ಟೆ ಹಿಡಿದು ಹೊರಗೆ ಬಂದ. ಗಂಗರಾಜು ಕಂಬಕ್ಕೆ ಒರಗಿ ನಿಂತಿದ್ದ. "ಹಾಕು ಕದರಕ್ಕ, ನಾಚ್ಕೆ ಯಾಕೆ? ತಾಯಿ ಕ್ಷಮಿಸ್ತಾಳೆ. ಗುಂಡಣ್ಣ ಗುಬ್ಬೀಲಿ ಮಾಡ್ಸ್ಕೊಂಡೇ ಬಂದವ್ನಂತಲ್ಲ!"

ನಗು ಹರಡಿತು. ಗುಂಡಯ್ಯ ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತ. ಕದರಮ್ಮ ಮುಂದೆ ಬಂದಳು. ಮಾತು ತೊದಲುತ್ತಿತ್ತು. ಪ್ರತಿ ಮಾತಿಗೂ ಹೊಲಿಗೆ ಎಳೆಯುತ್ತಿತ್ತು. ಕೋಮಲಾ, "ನಾನು ಹೇಳ್ತೀನಿ ಅತ್ತೆ," ಎಂದು ಮುಂದಾದರೆ ಕೈ ಸನ್ನೆಯಲ್ಲೇ ತಡೆದಳು.

"ತಾಯಿ ಮುಂದೆ ಹೇಳ್ತಿದೀನಿ. ನನ್ನ ನಾಲ್ಗೆ ಚೂರು ತುಮಕೂರ್ನಾಗೆ ಪರೀಕ್ಷೇಲಿ ಐತೆ. ವಾಸಿಯಾಗ್ಬೋದು. ಕ್ಯಾನ್ಸರ್ರು ಅಂತ್ಲೇ ಬರ್ಬೋದು, ನಂಗಿನ್ನೂ ಗೊತ್ತಿಲ್ಲ. ವಾಸಿಯಾದ್ರೆ ಕದರಮ್ಮ ಸತ್ಯವಂತೆ ಅಂತ ಯಾರೂ ಹೊಗಳ್ಬೇಡಿ. ಸತ್ರೆ ಸುಳ್ಳಿ ಅಂತ್ಲೂ ಅನ್ಬೇಡಿ. ಹೊಗೆಸೊಪ್ಪು ಹಾಕಿದ್ದು ನನ್ ತಪ್ಪು. ಅದ್ರ ಕಾಣಿಕೆ ನನ್ ಬಾಯೇ ಕೊಡ್ತಾ ಐತೆ. ಗಾಡಿದಾರಿ ಇದ್ದಿದ್ದು ಮಾತ್ರ ಇದ್ದಿದ್ದೆಯ."

"ಮಾತೇ ನೆಟ್ಗೆ ಹೊರಡ್ತಿಲ್ಲ, ಇನ್ನೂ ಜಂಬ ನೋಡು!" ಎಂದ ಗಂಗರಾಜು.

"ನೆಟ್ಗೆ ಹೊರಡ್ದಿದ್ರೂ ನಿಂಗೆ ತಿಳೀತಲ್ಲ, ಸಾಕು ಬುಡು."

ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಈ ಸಲ ನಗು ಬೇರೆ ಕಡೆಗೆ ತಿರುಗಿತ್ತು. ಚಿಕ್ಕಬೋರಯ್ಯ ಖಾಲಿ ತಟ್ಟೆ ನೋಡಿದ, ಗಂಗರಾಜುವನ್ನು ನೋಡಿದ. "ಹಾಕಲ್ಲ ಅಂದೋರ ಕೈ ಹಿಡ್ದು ಹಾಕ್ಸಕ್ಕಾಯ್ತದಾ? ಮಂಗಳಾರತಿಗೆ ಹೊತ್ತಾಯ್ತು," ಎಂದು ಒಳಗೆ ಹೋದ.

ಆಮೇಲೆ ನಡೆದದ್ದನ್ನು ಕದರಮ್ಮನೂ ಎಣಿಸಿರಲಿಲ್ಲ. ಮಂಗಳಾರತಿ ತೆಗೆದುಕೊಂಡ ಗುಂಡಯ್ಯ ಪಂಚೆ ಎತ್ತಿ ಕಟ್ಟಿ, ಯಾರಿಗೂ ಒಂದು ಮಾತು ಹೇಳದೆ, ಗಾಡಿದಾರಿಯ ಕಡೆ ನಡೆದ. ಜಾಲಿಮುಳ್ಳನ್ನು ಒಂದೊಂದೇ ಕೊಂಬೆ ಹಿಡಿದು ಎಳೆದು ಬದಿಗೆ ಹಾಕತೊಡಗಿದ. ಅಂಗೈಯಲ್ಲಿ ರಕ್ತ ಬಂತು, ಪಂಚೆಗೆ ಒರೆಸಿಕೊಂಡ. ನರಸಿಂಹಮ್ಮ ಓಡಿಬಂದು ಇನ್ನೊಂದು ತುದಿ ಹಿಡಿದಳು. ಕದರಮ್ಮ ಹುಣಸೆಮರದ ಬುಡದಲ್ಲಿ ನಿಂತು, "ಅಲ್ಲಿ ಹಳ್ಳ ಐತೆ, ಹುಷಾರು," ಎಂದು ತೊದಲಿದಳು. ಊರಲ್ಲಿ ಅರ್ಧ ಜನ ಅಂದೂ ಗಂಗರಾಜುವಿನ ಪರವೇ. ಇವತ್ತಿಗೂ ಕೆಲವರು ಹಾಗೇ ಇದ್ದಾರೆ. ಆದರೆ ಮುಳ್ಳನ್ನು ತಂದು ಮತ್ತೆ ಒಟ್ಟಲು ಅವನ ಜೊತೆ ಯಾರೂ ಹೋಗಲಿಲ್ಲ.

ಫಲಿತಾಂಶ ಬಂತು. ಕ್ಯಾನ್ಸರ್ ಅಲ್ಲ. ನಾಲಿಗೆಯದು ಹಲ್ಲಿನ ಗಾಯ, ಮಾಯುತ್ತದೆ. ಕೆನ್ನೆಯ ಮಚ್ಚೆಯಲ್ಲಿ ಮಾತ್ರ ಜೀವಕೋಶಗಳು ಸ್ವಲ್ಪ ದಾರಿ ತಪ್ಪತೊಡಗಿವೆ. ಹೊಗೆಸೊಪ್ಪು ಬಿಟ್ಟರೆ ಹಿಂದಕ್ಕೆ ಬರಬಹುದು, ಬರದೆಯೂ ಇರಬಹುದು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಲೇಬೇಕು. ಕೋಮಲಾ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಅತ್ತುಬಿಟ್ಟಳು. ಕದರಮ್ಮ ಅಳಲಿಲ್ಲ. "ಇನ್ನೂ ಪೂರ್ತಿ ಬುಟ್ಟಿಲ್ಲ ಅಂತಾಯ್ತು ಈ ಕಾಯಿಲೆ ನನ್ನ. ನಾನೂ ಅದನ್ನ ಸುಮ್ನೆ ಬುಡಲ್ಲ," ಎಂದಳು. ಊರಿಗೆ ಹೋಗಿ ಫಲಿತಾಂಶವನ್ನು ಯಾರಿಗೂ ಸಾರಲಿಲ್ಲ. ಕೇಳಿದವರಿಗೆ, "ಬಾಯಿಗೂ ದಾರಿಗೂ ಏನು ಸಂಬಂಧ?" ಎಂದಳು, ಅಷ್ಟೇ.

ಬೆಳ್ಳಿ ನಾಲಿಗೆ ವಾಪಸು ಗುಬ್ಬಿಯ ಅಕ್ಕಸಾಲಿಗೆ ಹೋಯಿತು. ಇನ್ನಷ್ಟು ಬೆಳ್ಳಿ ಸೇರಿಸಿ ಚಿನ್ನಿಗೆ ಕಾಲ್ಗೆಜ್ಜೆ ಮಾಡಿಸಿಕೊಂಡು ಬಂದ ಗುಂಡಯ್ಯ. ಈಗ ಕದರಮ್ಮನಿಗೆ ಹೊಸ ಚಾಳಿ ಹತ್ತಿದೆ. ಯಾರ ಬಾಯಲ್ಲಾದರೂ ಹುಣ್ಣು ಎಂದರೆ ಬಿಸಿಲಿಗೆ ಎಳೆದುಕೊಂಡು ಹೋಗಿ, "ಬಾಯಿ ತೆಗಿ. ಎಷ್ಟು ದಿನ ಆಯ್ತು? ಎರಡು ವಾರ ಮೀರಿದ್ರೆ ಗಣಿಕೆಸೊಪ್ಪು ಸಾಕ್ಮಾಡು, ಬಸ್ಸತ್ತು," ಎನ್ನುತ್ತಾಳೆ. ಬೈಸಿಕೊಂಡವರಲ್ಲಿ ಇಬ್ಬರು ಹೋಗಿಯೂ ಬಂದರು. ಸಂಚಿ ಇನ್ನೂ ಮೊಳೆಯಲ್ಲೇ ಇದೆ. ಕೆಲವು ಸಂಜೆ ಅದರ ಕಡೆ ನೋಡುತ್ತಾಳೆ, ಸುಳ್ಳು ಹೇಳಬಾರದು. ನೋಡಿ, ಒಂದು ಲವಂಗ ಬಾಯಿಗೆ ಹಾಕಿಕೊಳ್ಳುತ್ತಾಳೆ.

ಮೊದಲ ಮೂರು ತಿಂಗಳ ತಪಾಸಣೆಯ ದಿನ ಬೆಳಗ್ಗೆ ಅತ್ತೆ, ಸೊಸೆ, ಮಗು ಮೂವರೂ ಬಸ್ಸಿಗೆ ಕಾಯುತ್ತಿದ್ದರು. ಗಂಗರಾಜು ಹಾಲಿನ ಕ್ಯಾನು ಕಟ್ಟಿದ ಬೈಕಿನಲ್ಲಿ ಬಂದವನು ಬೇಕೆಂದೇ ನಿಧಾನ ಮಾಡಿದ.

"ಏನ್ ಕದರಕ್ಕ, ನಾಲ್ಗೆ ಹೆಂಗೈತೆ?"

ಕದರಮ್ಮ ಸೆರಗು ಸರಿಮಾಡಿಕೊಂಡಳು. ಡಾಕ್ಟರ್ ಪೂಜಾ ಹೇಳಿಕೊಟ್ಟಂತೆ ಬಾಯಿ ತೆರೆದು, ನಾಲಿಗೆಯನ್ನು ಬುಡದವರೆಗೂ ಹೊರಕ್ಕೆ ಚಾಚಿದಳು. ಎಡಕ್ಕೆ ಹೊರಳಿಸಿದಳು, ಬಲಕ್ಕೆ ಹೊರಳಿಸಿದಳು, ಮೇಲೆತ್ತಿ ಅಡಿಯನ್ನೂ ತೋರಿಸಿದಳು. ಹುಣ್ಣಿದ್ದ ಜಾಗದಲ್ಲಿ ಅಕ್ಕಿಕಾಳಿನಷ್ಟು ಒಂದು ಗುರುತು. ಸೊಸೆಯ ಸೊಂಟದ ಮೇಲಿದ್ದ ಚಿನ್ನಿ ಅಜ್ಜಿಯನ್ನೇ ನೋಡಿ, ಗೆಜ್ಜೆಕಾಲು ಒದೆಯುತ್ತ, ತನ್ನ ನಾಲಿಗೆಯನ್ನೂ ಚಾಚಿತು. ಗಂಗರಾಜು ಬೈಕಿಗೆ ರೇಸ್ ಕೊಟ್ಟ. ಅವನು ತಿರುವು ದಾಟುವವರೆಗೂ ಕದರಮ್ಮ ನಾಲಿಗೆ ಒಳಕ್ಕೆ ಎಳೆದುಕೊಳ್ಳಲಿಲ್ಲ.